ಗಾಳಿಯೇ ಜಾಗವನ್ನು ಗೊತ್ತುಮಾಡಲಿ: ಜೀಪಿನಲ್ಲಿ ಏರ್ ಕಂಪ್ರೆಸರ್ ಎಲ್ಲಿ ಕೂರಿಸಬೇಕು?

ಹೆಬ್ರಿ, ಕಾರ್ಕಳ, ಬೆಳ್ತಂಗಡಿ ಕಡೆಯ ತೋಟದ ದಾರಿಗಳಲ್ಲಿ ಮಳೆಗಾಲದಲ್ಲೂ ಫೋರ್ ವೀಲ್ ಡ್ರೈವ್ ವಾಹನ ಓಡಿಸುವವರಿಗೆ ಟೈರಿನ ಗಾಳಿ ಇಳಿಸುವುದು ಹೊಸ ಸಂಗತಿಯಲ್ಲ. ಡಾಂಬರು ರಸ್ತೆಯಲ್ಲಿ 32 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಆಸುಪಾಸಿನಲ್ಲಿರುವ ಟೈರನ್ನು 18ಕ್ಕೋ 20ಕ್ಕೋ ಇಳಿಸಿದರೆ ಅದು ನೆಲದ ಮೇಲೆ ಉದ್ದಕ್ಕೆ ಹರಡಿಕೊಂಡು, ಪಾಚಿಗಟ್ಟಿದ ಮುರಕಲ್ಲಿನ ಅಂಚನ್ನು ತಬ್ಬಿ ಹಿಡಿಯುತ್ತದೆ. ಕೆಸರಿನಲ್ಲಿ ಹೂತುಹೋಗುವ ಬದಲು ಮೇಲೆ ತೇಲಿದಂತೆ ಸಾಗುತ್ತದೆ. ಆದರೆ ಅದೇ ಟೈರಿನಲ್ಲಿ ಹೆದ್ದಾರಿಗೆ ಬಂದು ವೇಗ ಹಿಡಿದರೆ ಟೈರಿನ ಪಕ್ಕಗಳು ಮಡಚಿ ಮಡಚಿ ಬಿಸಿಯಾಗುತ್ತವೆ, ತಿರುವಿನಲ್ಲಿ ವಾಹನ ಹಿಡಿತ ತಪ್ಪುತ್ತದೆ. ಆದ್ದರಿಂದ ಕಾಡುದಾರಿ ಮುಗಿದು ಡಾಂಬರು ಶುರುವಾಗುವಲ್ಲೇ ಗಾಳಿ ತುಂಬಿಕೊಳ್ಳಬೇಕು. ಆ ಜಾಗದಲ್ಲಿ ಪಂಕ್ಚರ್ ಅಂಗಡಿ ಇರುವುದಿಲ್ಲ.

ಎಷ್ಟು ಗಾಳಿ ಬೇಕೆಂಬುದನ್ನು ಮೊದಲು ಅಂದಾಜು ಮಾಡಿಕೊಳ್ಳೋಣ. 18 ಇಂಚಿನ ರಿಮ್ಮಿನ ಒಂದು ಸಾಮಾನ್ಯ ಎಸ್‌ಯುವಿ ಟೈರಿನ ಒಳಜಾಗ ಸುಮಾರು 65 ಲೀಟರ್ ಎಂದುಕೊಂಡರೆ, ಅದನ್ನು 18ರಿಂದ 32 ಪಿಎಸ್‌ಐಗೆ ಏರಿಸಲು ಹೊರಗಿನ ಗಾಳಿ 60 ಲೀಟರಿಗಿಂತ ಸ್ವಲ್ಪ ಹೆಚ್ಚು ಬೇಕಾಗುತ್ತದೆ. ನಾಲ್ಕು ಟೈರಿಗೆ ಸೇರಿ ಹತ್ತಿರಹತ್ತಿರ 250 ಲೀಟರ್. ಒತ್ತಡದ ಎದುರು ನಿಮಿಷಕ್ಕೆ 25 ಲೀಟರ್ ಕೊಡುವ ಸಾಧಾರಣ 12 ವೋಲ್ಟ್ ಕಂಪ್ರೆಸರ್ ಈ ಕೆಲಸಕ್ಕೆ ಸುಮಾರು ಹತ್ತು ನಿಮಿಷ ದುಡಿಯಬೇಕು. ಹೆಚ್ಚಿನ ಸಣ್ಣ ಕಂಪ್ರೆಸರುಗಳಿಗೆ ಇದು ಹಗುರದ ಕೆಲಸವಲ್ಲ. ಈ ಹತ್ತು ನಿಮಿಷವನ್ನು ವಾಹನಕ್ಕೆ ಖಾಯಮ್ಮಾಗಿ ಜೋಡಿಸಿದ ಯಂತ್ರ ವರ್ಷಗಟ್ಟಲೆ ತಡೆದುಕೊಳ್ಳುತ್ತದೆಯೋ ಇಲ್ಲವೋ ಎಂಬುದು ಅದರ ಬೆಲೆಯಷ್ಟೇ ಅದನ್ನು ಕೂರಿಸಿದ ಜಾಗವನ್ನೂ ಅವಲಂಬಿಸಿದೆ.

ಇದನ್ನು ನಾನು ಕಲಿತದ್ದು ಒಂದು ಕಂಪ್ರೆಸರನ್ನು ಕಳೆದುಕೊಂಡ ಮೇಲೆ. ನನ್ನ ಹಳೆಯ ಜಿಪ್ಸಿಗೆ ಮೊದಲ ಬಾರಿ ಕಂಪ್ರೆಸರ್ ಹಾಕಿಸಿದಾಗ, ಒಳಗೆ ಜಾಗ ಹಾಳಾಗುವುದು ಬೇಡ ಎಂದು ಅದನ್ನು ಚಾಸಿಯ ಬದಿಗೆ, ನೆಲದ ತಗಡಿನ ಕೆಳಗೆ ಬೋಲ್ಟ್ ಮಾಡಿದ್ದೆವು. ಬೇಸಿಗೆಯಲ್ಲಿ ಚೆನ್ನಾಗಿಯೇ ನಡೆಯಿತು. ತುಳುವರ ಮಳೆಗಾಲದ ತಿಂಗಳಾದ ಆಟಿ ಕಳೆದು, ಅದರ ಮುಂದಿನ ಸೋಣೆ ಬರುವಷ್ಟರಲ್ಲಿ ಸ್ವಿಚ್ ಒತ್ತಿದರೆ ಫ್ಯೂಸ್ ಹೋಗುತ್ತಿತ್ತು. ಬಿಚ್ಚಿ ನೋಡಿದಾಗ ಅಲ್ಯೂಮಿನಿಯಂ ಮೈಮೇಲೆಲ್ಲ ಬಿಳಿ ಪುಡಿ ಎದ್ದಿತ್ತು, ಫಿಲ್ಟರಿನ ಸ್ಪಂಜು ಕೆಂಪು ಕೆಸರಿನಿಂದ ಗಟ್ಟಿಯಾಗಿತ್ತು, ಮೋಟಾರಿನ ಬ್ರಷ್ಷುಗಳು ಹಿಡಿದುಕೊಂಡಿದ್ದವು. ಯಂತ್ರದಲ್ಲಿ ದೋಷವಿರಲಿಲ್ಲ. ನಾವು ಅದಕ್ಕೆ ಕುಡಿಯಲು ಕೊಟ್ಟ ಗಾಳಿಯಲ್ಲಿ ದೋಷವಿತ್ತು.

ಅಂದಿನಿಂದ ಈ ವಿಷಯವನ್ನು ನಾನು ನೋಡುವ ಕ್ರಮವೇ ಬದಲಾಯಿತು. ವಾಹನದಲ್ಲಿ ಎಲ್ಲಿ ಖಾಲಿ ಜಾಗವಿದೆ ಎಂದು ಹುಡುಕುವುದಕ್ಕೆ ಮೊದಲು, ತಂಪಾದ, ಒಣಗಿದ, ಧೂಳು ಮತ್ತು ಉಪ್ಪು ಕಡಿಮೆಯಿರುವ ಗಾಳಿ ಎಲ್ಲಿದೆ ಎಂದು ಹುಡುಕಬೇಕು. ಕಂಪ್ರೆಸರ್ ಮಾಡುವುದು ಒಂದೇ ಕೆಲಸ: ಸುತ್ತಲಿನ ಗಾಳಿಯನ್ನು ಒಳಗೆಳೆದು ಹಿಂಡುವುದು. ಒಳಗೆ ಬರುವ ಗಾಳಿ ಹೇಗಿದೆಯೋ ಅದರ ಬಾಳುವಿಕೆಯೂ ಹಾಗೆಯೇ ಇರುತ್ತದೆ.

ಮೊದಲು ಬಿಸಿಯ ಮಾತು. ಗಾಳಿಯನ್ನು ವೇಗವಾಗಿ ಹಿಂಡಿದರೆ ಅದು ಬಿಸಿಯಾಗುತ್ತದೆ. ಸೈಕಲ್ ಪಂಪಿನ ಬುಡ ಮುಟ್ಟಿ ನೋಡಿದವರಿಗೆಲ್ಲ ಇದು ಗೊತ್ತು. ಶಾಖ ಹೊರಗೆ ಹೋಗಲು ಅವಕಾಶವೇ ಇಲ್ಲ ಎಂದುಕೊಂಡು ಲೆಕ್ಕ ಹಾಕಿದರೆ, 30 ಡಿಗ್ರಿ ಸೆಲ್ಸಿಯಸ್‌ನ ಗಾಳಿಯನ್ನು 30 ಪಿಎಸ್‌ಐಗೆ ಹಿಂಡಿದಾಗ ಅದರ ಉಷ್ಣತೆ ಸುಮಾರು 140 ಡಿಗ್ರಿಗೆ ಏರುತ್ತದೆ. ಅದೇ ಗಾಳಿ ಬಾನೆಟ್ಟಿನ ಒಳಗಿನ ಬಿಸಿಯಲ್ಲಿ 70 ಡಿಗ್ರಿಯಿದ್ದರೆ, ಹಿಂಡಿದ ಮೇಲೆ ಹತ್ತಿರಹತ್ತಿರ 200 ಡಿಗ್ರಿಯಾಗುತ್ತದೆ. ವಾಸ್ತವದಲ್ಲಿ ಸಿಲಿಂಡರಿನ ಮೇಲಿನ ರೆಕ್ಕೆಗಳು ಸ್ವಲ್ಪ ಶಾಖವನ್ನು ಹೊರಗೆ ಬಿಡುವುದರಿಂದ ಅಂಕಿಗಳು ಇದಕ್ಕಿಂತ ಕಡಿಮೆಯಾದೀತು. ಆದರೂ ಒಳಗೆ ಬರುವಾಗಿನ 40 ಡಿಗ್ರಿಯ ವ್ಯತ್ಯಾಸ ಹೊರಗೆ ಹೋಗುವಾಗ ಇನ್ನೂ ದೊಡ್ಡದಾಗುತ್ತದೆ ಎಂಬುದು ಗಮನಿಸಬೇಕಾದ ವಿಷಯ. ಪಿಸ್ಟನ್ನಿನ ಸೀಲ್, ಕವಾಟದ ತೆಳು ತಗಡು, ಹೊರಹೋಗುವ ಪೈಪು ಇವೆಲ್ಲ ಈ ಬಿಸಿಯನ್ನು ತಿನ್ನಬೇಕು. ಜೊತೆಗೆ ಬಿಸಿಗಾಳಿ ತೆಳುವಾಗಿರುತ್ತದೆ: 70 ಡಿಗ್ರಿಯ ಗಾಳಿಯಲ್ಲಿ ಅದೇ ಗಾತ್ರಕ್ಕೆ 30 ಡಿಗ್ರಿಯ ಗಾಳಿಗಿಂತ ಶೇಕಡಾ 12ರಷ್ಟು ಕಡಿಮೆ ದ್ರವ್ಯವಿರುತ್ತದೆ. ಅಂದರೆ ಬಿಸಿ ಜಾಗದಲ್ಲಿ ಕೂತ ಯಂತ್ರ ಹೆಚ್ಚು ಹೊತ್ತು ಓಡಬೇಕು, ಹೆಚ್ಚು ಹೊತ್ತು ಓಡಿದಷ್ಟೂ ಇನ್ನಷ್ಟು ಬಿಸಿಯಾಗಬೇಕು.

ಕಂಪ್ರೆಸರಿನ ಪೆಟ್ಟಿಗೆಯ ಮೇಲೆ ಡ್ಯೂಟಿ ಸೈಕಲ್ ಎಂದು ಬರೆದಿರುವುದು ಇದೇ ಕಾರಣಕ್ಕೆ. ಶೇಕಡಾ 33 ಎಂದರೆ ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ಓಡಿಸಿ ಇಪ್ಪತ್ತು ನಿಮಿಷ ಆರಲು ಬಿಡಬೇಕು. ಆದರೆ ಆ ಅಂಕಿಯನ್ನು ಕೊಡುವವರು ಸುತ್ತಲಿನ ಗಾಳಿ ಸಾಮಾನ್ಯ ಕೋಣೆಯ ಉಷ್ಣತೆಯ ಆಸುಪಾಸಿನಲ್ಲಿದೆ ಎಂದು ಎಣಿಸಿರುತ್ತಾರೆ; ಜಾಗ ಬಿಸಿಯಾದರೆ ಅಂಕಿ ಕುಗ್ಗುತ್ತದೆ. ಹಲವರು ಮರೆಯುವ ಇನ್ನೊಂದು ಮಾತಿದೆ. ಟೈರಿಗೆ ಗಾಳಿ ತುಂಬುವುದು ಯಾವಾಗಲೂ ವಾಹನ ನಿಂತಿರುವಾಗ. ಚಾರ್ಮಾಡಿ ಏರಿ ಬಂದು ನಿಲ್ಲಿಸಿದ ವಾಹನದ ಬಾನೆಟ್ಟಿನ ಒಳಗೆ ಎದುರುಗಾಳಿ ನಿಂತುಹೋಗಿ, ಬಿಸಿ ಓಡುವಾಗ ಇದ್ದುದಕ್ಕಿಂತಲೂ ಹೆಚ್ಚಾಗುತ್ತದೆ. ಕಂಪ್ರೆಸರಿಗೆ ಕೆಲಸ ಬೀಳುವುದು ಸರಿಯಾಗಿ ಆ ಹೊತ್ತಿನಲ್ಲೇ.

ನೀರು ಮತ್ತು ಉಪ್ಪಿನ ವಿಚಾರ ನಮ್ಮ ಕರಾವಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಒಣ ಮರುಭೂಮಿಯಲ್ಲಿ ಓಡಾಡುವವರು ಬರೆದ ಸಲಹೆಗಳು ಧೂಳು ಮತ್ತು ಬಿಸಿಯ ಬಗ್ಗೆ ಸರಿಯಾಗಿಯೇ ಹೇಳುತ್ತವೆ. ಆದರೆ ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬೀಳುವ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಸ್ಥಿತಿ ಅವರ ಲೆಕ್ಕದಲ್ಲಿಲ್ಲ. ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66 ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿಯ ನಡುವೆ ಹಾದುಹೋಗುತ್ತದೆ. ಮಳೆಗಾಲದ ಅಲೆಯ ತುಂತುರು ಗಾಜಿನ ಮೇಲೆ ಕೂತು ಒಣಗಿದರೆ ಬೆರಳಿಗೆ ಉಪ್ಪು ಅಂಟುತ್ತದೆ. ಮಲ್ಪೆಯಲ್ಲೋ ಉಳ್ಳಾಲದಲ್ಲೋ ಮನೆಯಿರುವವರ ವಾಹನ ಅಂಗಳದಲ್ಲಿ ಸುಮ್ಮನೆ ನಿಂತಿದ್ದರೂ ಉಪ್ಪುಗಾಳಿ ಅದರ ಮೂಲೆಮೂಲೆಗೆ ತಲಪುತ್ತದೆ. ಒಂದು ರೀತಿಯ ಲೋಹಕ್ಕೆ ಇನ್ನೊಂದು ರೀತಿಯ ಲೋಹ ತಾಗಿದಲ್ಲಿ ಉಪ್ಪುನೀರು ಸೇರಿದರೆ ಅದು ಸಣ್ಣ ಬ್ಯಾಟರಿಯಂತೆ ವರ್ತಿಸಿ, ಎರಡರಲ್ಲಿ ದುರ್ಬಲವಾದ ಲೋಹವನ್ನು ಸವೆಸುತ್ತದೆ. ಅಲ್ಯೂಮಿನಿಯಂ ಮೈಯ ಕಂಪ್ರೆಸರಿಗೆ ಸ್ಟೀಲ್ ಬೋಲ್ಟ್ ಹಾಕಿದಾಗ ಸವೆಯುವುದು ಕಂಪ್ರೆಸರಿನ ಮೈಯೇ.

ತೋಡು, ಅಂದರೆ ಹಳ್ಳ, ದಾಟುವಾಗ ನಡೆಯುವುದು ಇನ್ನೂ ಸೂಕ್ಷ್ಮ. ಬಿಸಿಯಾಗಿರುವ ಯಾವುದೇ ಟೊಳ್ಳು ಯಂತ್ರ ಥಟ್ಟನೆ ತಣ್ಣೀರಿನಲ್ಲಿ ಮುಳುಗಿದರೆ ಅದರ ಒಳಗಿನ ಗಾಳಿ ಕುಗ್ಗುತ್ತದೆ, ಕುಗ್ಗಿದ ಗಾಳಿ ಹೊರಗಿನದನ್ನು ಒಳಗೆಳೆಯುತ್ತದೆ, ಹೊರಗೆ ನೀರಿದ್ದರೆ ನೀರನ್ನೇ ಎಳೆಯುತ್ತದೆ. ಆಕ್ಸೆಲಿನ ಒಳಗಿನ ಗಾಳಿ ಹೋಗಿಬರುವ ಬ್ರೀದರ್ ಪೈಪನ್ನು ಎತ್ತರಕ್ಕೆ ಕಟ್ಟುವುದು ಇದೇ ಕಾರಣಕ್ಕೆ. ಮುಳುಗಿದಾಗ ಕಂಪ್ರೆಸರ್ ಆಫ್ ಇತ್ತು ಎಂಬುದು ಸಮಾಧಾನ ಕೊಡುವ ಸಂಗತಿಯಲ್ಲ. ಒಳಸೇರಿದ ನೀರು ಅಲ್ಲೇ ಇದ್ದು, ಮುಂದಿನ ಸಲ ಸ್ವಿಚ್ ಒತ್ತಿದಾಗ ತನ್ನ ಕೆಲಸ ತೋರಿಸುತ್ತದೆ.

ಈ ಮೂರು ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ವಾಹನದ ಸುತ್ತ ಒಂದು ಸುತ್ತು ಬರೋಣ. ಚಾಸಿಯ ಕೆಳಗಿನ ಜಾಗವನ್ನು ನಮ್ಮ ಊರಿನಲ್ಲಿ ಯೋಚಿಸುವುದೇ ಬೇಡ. ಜಲನಿರೋಧಕ ಎಂದು ಬರೆದಿದ್ದರೂ ಫಿಲ್ಟರಿನ ಬಾಯಿ ಜಲನಿರೋಧಕವಲ್ಲ. ಮುಂದಿನ ಬಂಪರಿನ ಹಿಂಭಾಗವೂ ಅಷ್ಟೇ. ನೀರಿಗಿಳಿದಾಗ ಮೊದಲು ಮುಳುಗುವುದು, ಗುದ್ದಿದಾಗ ಮೊದಲು ಜಜ್ಜುವುದು ಅದೇ.

ಬಾನೆಟ್ಟಿನ ಒಳಗಿನ ಜಾಗದ ಬಗ್ಗೆ ಮಾತ್ರ ನಿಧಾನವಾಗಿ ಯೋಚಿಸಬೇಕು, ಏಕೆಂದರೆ ಹೆಚ್ಚಿನವರು ಅಲ್ಲೇ ಕೂರಿಸುತ್ತಾರೆ ಮತ್ತು ಅದಕ್ಕೆ ಗಟ್ಟಿ ಕಾರಣಗಳೂ ಇವೆ. ಬ್ಯಾಟರಿ ಹತ್ತಿರವಿರುವುದರಿಂದ ವಯರ್ ಗಿಡ್ಡವಾಗುತ್ತದೆ. ಸದ್ದು ಒಳಗೆ ಕೇಳುವುದಿಲ್ಲ. ಸಾಮಾನಿನ ಜಾಗ ಉಳಿಯುತ್ತದೆ. ಆದರೆ ಅಲ್ಲಿ ಬಿಸಿ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ: ಎಂಜಿನ್ನಿನ ಬಿಸಿಹೊಗೆ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮತ್ತು ಟರ್ಬೊ ಇರುವ ಬದಿ ಒಂದು ಲೋಕ, ಅದರ ಎದುರು ಬದಿ ಬೇರೆಯೇ ಲೋಕ. ಆದ್ದರಿಂದ ನಿಮ್ಮ ವಾಹನದ ಎಕ್ಸಾಸ್ಟ್ ಯಾವ ಬದಿಯಲ್ಲಿದೆ ಎಂದು ನೋಡಿ, ಅದರ ಎದುರು ಬದಿಯಲ್ಲಿ, ಫೆಂಡರಿನ ಒಳಗೋಡೆಯ ಮೇಲ್ಭಾಗದಲ್ಲೋ ಎಂಜಿನ್ ಕೋಣೆಯ ಹಿಂದಿನ ಗೋಡೆಗೆ ಹತ್ತಿರವಾಗಿ ಎತ್ತರದಲ್ಲೋ ಜಾಗ ಹುಡುಕಬೇಕು. ರೇಡಿಯೇಟರಿನ ನೇರ ಹಿಂದೆ ಕೂರಿಸಿದರೆ ಫ್ಯಾನ್ ಬಿಸಿಗಾಳಿಯನ್ನು ಅದರ ಮೇಲೆಯೇ ಊದುತ್ತದೆ. ತೋಡಿಗಿಳಿದಾಗ ಅದೇ ಫ್ಯಾನ್ ನೀರನ್ನೂ ಎರಚುತ್ತದೆ. ಬಾನೆಟ್ಟಿನ ಅಂಚಿನಿಂದ ಮಳೆನೀರು ಇಳಿಯುವ ದಾರಿ ಯಾವುದೆಂದು ಒಂದು ಜೋರು ಮಳೆಯಲ್ಲಿ ನೋಡಿ ಗುರುತು ಮಾಡಿಕೊಳ್ಳುವುದು ಒಳ್ಳೆಯದು.

ರಟ್ಟಿನಲ್ಲಿ ಕಂಪ್ರೆಸರಿನ ಅಳತೆಯ ಒಂದು ಮಾದರಿ ಕತ್ತರಿಸಿ ಅಂಟಿಸಿ, ಅದನ್ನು ಉದ್ದೇಶಿಸಿದ ಜಾಗದಲ್ಲಿ ಇಟ್ಟು ನೋಡುವುದು ಬ್ರಾಕೆಟ್ ಕತ್ತರಿಸುವ ಮೊದಲು ಮಾಡಲೇಬೇಕಾದ ಕೆಲಸ. ಬ್ಯಾಟರಿ ಹೊರತೆಗೆಯಲು ಆಗುತ್ತದೆಯೇ, ಆಯಿಲ್ ಗೇಜಿಗೆ ಕೈ ಹೋಗುತ್ತದೆಯೇ, ಫ್ಯೂಸ್ ಬಾಕ್ಸಿನ ಮುಚ್ಚಳ ಏಳುತ್ತದೆಯೇ, ಏರ್ ಫಿಲ್ಟರ್ ಬದಲಿಸಬಹುದೇ ಎಂದು ಒಂದೊಂದಾಗಿ ಪರೀಕ್ಷಿಸಬೇಕು. ಎಂಜಿನ್ ತನ್ನ ರಬ್ಬರ್ ಮೌಂಟಿಂಗ್‌ಗಳ ಮೇಲೆ ತೂಗಾಡುತ್ತದೆ ಎಂಬುದನ್ನು ನೆನಪಿನಲ್ಲಿಟ್ಟು, ಅದರ ಯಾವುದೇ ಭಾಗಕ್ಕೂ ಕಂಪ್ರೆಸರಿಗೂ ನಡುವೆ ಕನಿಷ್ಠ 25 ಮಿಲಿಮೀಟರ್ ಬಿಡಬೇಕು. ಮೇಲಿನ ಅಂತರ ತಿಳಿಯಲು ಮಾದರಿಯ ಮೇಲೆ ಚಪಾತಿ ಹಿಟ್ಟಿನ ಒಂದು ಮುದ್ದೆ ಇಟ್ಟು, ಪ್ಲಾಸ್ಟಿಕ್ ಹೊದಿಸಿ, ಬಾನೆಟ್ ಮೆಲ್ಲಗೆ ಮುಚ್ಚಿ ತೆಗೆಯಿರಿ. ಚಪ್ಪಟೆಯಾಗಿ ಉಳಿದ ಹಿಟ್ಟಿನ ದಪ್ಪವೇ ನಿಮಗಿರುವ ಅಂತರ.

ಸೀಟಿನ ಕೆಳಗಿನ ಜಾಗ ಮೊದಲ ನೋಟಕ್ಕೆ ಅತ್ಯುತ್ತಮ ಎನಿಸುತ್ತದೆ: ತಂಪು, ಮಳೆಯಿಲ್ಲ, ಬ್ಯಾಟರಿಗೆ ತೀರಾ ದೂರವೂ ಅಲ್ಲ. ಹೆಚ್ಚಿನ ಸಣ್ಣ ಕಂಪ್ರೆಸರುಗಳು ಅಲ್ಲಿ ಹಿಡಿಸುತ್ತವೆ. ಆದರೆ ಗಾಳಿಯ ಚಲನೆ ಅಲ್ಲಿ ಕಡಿಮೆ, ಸುತ್ತ ಕಾರ್ಪೆಟ್ಟು ಮತ್ತು ಸ್ಪಂಜು ಇರುತ್ತದೆ, ಬಿಸಿಯಾದ ಸಿಲಿಂಡರ್ ಅವುಗಳಿಗೆ ತಾಗಬಾರದು. ಹೊಸ ವಾಹನಗಳಲ್ಲಿ ಸೀಟ್‌ಬೆಲ್ಟಿನ ಸೆನ್ಸಾರ್ ಮತ್ತು ಏರ್‌ಬ್ಯಾಗಿನ ವಯರುಗಳು ಇದೇ ಜಾಗದಲ್ಲಿ ಹಾದುಹೋಗುವುದುಂಟು. ಅವುಗಳನ್ನು ಸರಿಸುವುದು, ಕತ್ತರಿಸುವುದು ಸರ್ವಥಾ ಕೂಡದು. ಇನ್ನು ನೆಲದ ಮಟ್ಟಕ್ಕೆ ನೀರು ಬರುವಂಥ ತೋಡುಗಳನ್ನು ನೀವು ದಾಟುವವರಾದರೆ ಸೀಟಿನ ಕೆಳಗೂ ಒಣ ಜಾಗವಲ್ಲ. ಬಾಗಿಲಿನ ರಬ್ಬರ್ ಹಳತಾದ ಜೀಪುಗಳಲ್ಲಿ ಕಾಲಬುಡಕ್ಕೆ ನೀರು ಬರುವುದು ಎಲ್ಲರೂ ಕಂಡದ್ದೇ.

ಎಲ್ಲವನ್ನೂ ತೂಗಿ ನೋಡಿದ ಮೇಲೆ ನಾನು ಒಪ್ಪಿಕೊಂಡಿರುವ ಜಾಗ ವಾಹನದ ಒಳಗೆ ಹಿಂಭಾಗದ ಪಕ್ಕದ ಗೋಡೆ, ಚಕ್ರದ ಗುಮ್ಮಟದ ಮೇಲುಭಾಗ. ಅಲ್ಲಿ ಗಾಳಿ ತಂಪಾಗಿದೆ, ನೀರು ಅಷ್ಟೆತ್ತರಕ್ಕೆ ಬರುವುದಿಲ್ಲ, ಫಿಲ್ಟರ್ ಬಿಚ್ಚಿ ತೊಳೆಯಲು ಕೈ ಸುಲಭವಾಗಿ ಹೋಗುತ್ತದೆ. ಕೈ ಹೋಗದ ಜಾಗದಲ್ಲಿರುವ ಫಿಲ್ಟರನ್ನು ಯಾರೂ ತೊಳೆಯುವುದಿಲ್ಲ, ಇದು ನನ್ನ ಅನುಭವ. ಸಾಮಾನು ಉರುಳಿ ಅದರ ಮೇಲೆ ಬೀಳದಂತೆ ತೂತುಗಳಿರುವ ಒಂದು ತಗಡಿನ ಮರೆ ಬೇಕು. ಗಾಳಿಯಾಡದ ಮುಚ್ಚು ಪೆಟ್ಟಿಗೆಯಲ್ಲಿ ಮಾತ್ರ ಇಡಬಾರದು. ಬಟ್ಟೆಯ ಟಾಪಿನ ಜಿಪ್ಸಿ, ಹಳೆಯ ಥಾರ್‌ಗಳಲ್ಲಿ ಬೇಸಿಗೆಯ ಕೆಮ್ಮಣ್ಣಿನ ಧೂಳು ಹಿಂದಿನಿಂದ ಸುತ್ತಿಕೊಂಡು ಒಳಗೆ ಬರುತ್ತದೆ ಎಂಬುದು ಈ ಜಾಗದ ನಿಜವಾದ ಕೊರತೆ. ಅಂಥವರು ಫೆಬ್ರವರಿಯಿಂದ ಮೇ ತನಕ ಫಿಲ್ಟರನ್ನು ಪದೇಪದೇ ನೋಡಿಕೊಳ್ಳಬೇಕು.

ಇಲ್ಲಿ ಒಂದು ಉಪಾಯ ಬಹಳ ಉಪಯುಕ್ತ. ಕಂಪ್ರೆಸರಿನ ಮೈ ಮತ್ತು ಅದರ ಉಸಿರಾಡುವ ಬಾಯಿ ಒಂದೇ ಕಡೆ ಇರಬೇಕೆಂದೇನಿಲ್ಲ. ಅನೇಕ ಮಾದರಿಗಳಲ್ಲಿ ಫಿಲ್ಟರನ್ನು ಬಿಚ್ಚಿ, ಆ ಜಾಗಕ್ಕೆ ಒಂದು ಪೈಪು ಜೋಡಿಸಿ, ಫಿಲ್ಟರನ್ನು ದೂರದ ಒಣ ಜಾಗದಲ್ಲಿ ಕೂರಿಸಬಹುದು. ಜಾಗದ ಅಭಾವದಿಂದ ಬಾನೆಟ್ಟಿನ ಒಳಗೆ ಕೂರಿಸಲೇಬೇಕಾದವರು ಫಿಲ್ಟರನ್ನು ಎಂಜಿನ್ ಕೋಣೆಯ ಹಿಂದಿನ ಗೋಡೆಯ ಮೂಲಕ ಡ್ಯಾಷ್‌ಬೋರ್ಡಿನ ಕೆಳಗೆ ತಂದರೆ ತಂಪಾದ ಒಣಗಾಳಿ ಸಿಗುತ್ತದೆ, ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಪೈಪಿನ ಒಳವ್ಯಾಸ ಕಂಪ್ರೆಸರಿನ ಬಾಯಿಗಿಂತ ಚಿಕ್ಕದಾಗಬಾರದು, ಗೋಡೆಯ ತೂತಿಗೆ ರಬ್ಬರಿನ ಬಳೆ (ಗ್ರಾಮೆಟ್) ಇರಬೇಕು. ಹೊರಹೋಗುವ ಬದಿಯಲ್ಲಿ ಮೊದಲ ಅರ್ಧ ಅಥವಾ ಒಂದು ಮೀಟರ್ ಉಕ್ಕಿನ ಹೆಣಿಗೆಯ, ಬಿಸಿ ತಡೆಯುವ ಪೈಪೇ ಆಗಬೇಕು. ಹಿಂದೆ ಲೆಕ್ಕ ಹಾಕಿದ ಬಿಸಿಗೆ ಸಾಮಾನ್ಯ ನೀಲಿ ಪ್ಲಾಸ್ಟಿಕ್ ಪೈಪು ಮೆತ್ತಗಾಗಿ ಬಿಟ್ಟುಕೊಳ್ಳುತ್ತದೆ.

ಗಾಳಿಯ ಟ್ಯಾಂಕ್ ಇಟ್ಟುಕೊಳ್ಳುವವರಿಗೆ ಇನ್ನೊಂದು ಮಾತು. 28 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 27 ಗ್ರಾಂ ನೀರಿನ ಆವಿಯನ್ನು ಹೊತ್ತುಕೊಳ್ಳಬಲ್ಲದು, ಮಳೆಗಾಲದ ನಮ್ಮ ಗಾಳಿ ಈ ಮಿತಿಯ ಹತ್ತಿರವೇ ಇರುತ್ತದೆ. ನಾಲ್ಕು ಟೈರಿನ 250 ಲೀಟರ್ ಗಾಳಿಯ ಜೊತೆ ಹೀಗೆ ಆರು ಗ್ರಾಂನಷ್ಟು, ಅಂದರೆ ಒಂದು ಚಮಚಕ್ಕೂ ಮಿಕ್ಕಿದ ನೀರು ಯಂತ್ರದೊಳಗೆ ಹೋಗುತ್ತದೆ. ಹಿಂಡಿದ ಗಾಳಿ ತಣಿದಾಗ ಅದರಲ್ಲಿ ಬಹುಪಾಲು ಹನಿಯಾಗಿ ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ. ಆದ್ದರಿಂದ ಟ್ಯಾಂಕನ್ನು ಎಲ್ಲೇ ಕೂರಿಸಿದರೂ ನೀರು ಬಿಡುವ ನಲ್ಲಿ ಅತ್ಯಂತ ಕೆಳಗೆ ಬರಬೇಕು, ಟ್ಯಾಂಕಿನಿಂದ ಕಂಪ್ರೆಸರಿನ ಕಡೆಗೆ ಗಾಳಿ ಹಿಂದಿರುಗದಂತೆ ನಡುವೆ ಚೆಕ್ ವಾಲ್ವ್ ಇರಬೇಕು. ಕೇವಲ ಟೈರು ತುಂಬುವವರಿಗೆ ಟ್ಯಾಂಕಿನ ಅಗತ್ಯ ನನಗೆ ಕಾಣುವುದಿಲ್ಲ.

ಹಿಂಭಾಗದಲ್ಲಿ ಕೂರಿಸುವುದಕ್ಕೆ ತೆರಬೇಕಾದ ಬೆಲೆ ವಯರಿನದು. ಕಂಪ್ರೆಸರ್ 30 ಆಂಪಿಯರ್ ಎಳೆಯುತ್ತದೆ, ಬ್ಯಾಟರಿಯಿಂದ ಐದು ಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ಹೋಗಿಬರುವ ದಾರಿ ಸೇರಿ ಹತ್ತು ಮೀಟರ್ ತಾಮ್ರ. 6 ಚದರ ಮಿಲಿಮೀಟರ್ ವಯರಿನಲ್ಲಿ ಸುಮಾರು 0.86 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. 16 ಚದರ ಮಿಲಿಮೀಟರ್ ಹಾಕಿದರೆ ನಷ್ಟ 0.32 ವೋಲ್ಟಿಗೆ ಇಳಿಯುತ್ತದೆ. ಬಾನೆಟ್ಟಿನೊಳಗೆ ಒಂದೇ ಮೀಟರ್ ದೂರವಿದ್ದರೆ 6 ಚದರ ಮಿಲಿಮೀಟರಿನಲ್ಲೂ ನಷ್ಟ 0.17 ವೋಲ್ಟ್ ಮಾತ್ರ. ವೋಲ್ಟೇಜ್ ಕುಸಿದರೆ ಮೋಟಾರಿನ ವೇಗ ಇಳಿದು ಗಾಳಿ ತುಂಬುವ ಹೊತ್ತು ಹೆಚ್ಚಾಗುತ್ತದೆ. ದಪ್ಪ ವಯರಿಗೆ ಹಣ ಖರ್ಚಾಗುತ್ತದೆ ನಿಜ, ಆದರೆ ವಯರಿನ ನಷ್ಟವನ್ನು ಹಣ ಕೊಟ್ಟು ಸರಿಪಡಿಸಬಹುದು. ಬಿಸಿ ಮತ್ತು ಉಪ್ಪಿನಿಂದಾಗುವ ನಷ್ಟವನ್ನು ಹಾಗೆ ಸರಿಪಡಿಸಲಾಗದು. ಹಿಂದಿನ ಜಾಗವನ್ನು ನಾನು ಮೆಚ್ಚಲು ಇದೇ ಕಾರಣ.

ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು, ಕಂಪ್ರೆಸರಿನ ಪಕ್ಕದಲ್ಲಲ್ಲ, ಏಕೆಂದರೆ ಅದು ಕಾಯುವುದು ವಯರನ್ನು. ಐದು ಮೀಟರ್ ವಯರ್ ಎಲ್ಲಾದರೂ ಉಜ್ಜಿ ಚಾಸಿಗೆ ತಾಗಿದರೆ, ತುದಿಯಲ್ಲಿರುವ ಫ್ಯೂಸ್ ಏನನ್ನೂ ಮಾಡಲಾರದು. ಸಿಗರೇಟ್ ಲೈಟರಿನ ಸಾಕೆಟ್ಟಿನಿಂದಲೋ ಈಗಾಗಲೇ ಇರುವ ಯಾವುದೋ ವಯರಿನಿಂದಲೋ ಕರೆಂಟ್ ತೆಗೆಯಬಾರದು. ಅರ್ತಿಂಗಿಗೆ ಸಿಕ್ಕಿದ ಬೋಲ್ಟನ್ನು ನಂಬುವುದು ಕರಾವಳಿಯಲ್ಲಿ ಅಪಾಯಕರ. ತುಕ್ಕು ಹಿಡಿದ ಕೀಲುಗಳ ಮೂಲಕ ಹಿಂದಿರುಗುವ ಕರೆಂಟ್ ಅಲ್ಲೇ ಬಿಸಿಯಾಗುತ್ತದೆ. ಅಷ್ಟೇ ದಪ್ಪದ ವಯರನ್ನು ಮುಂದಕ್ಕೆ ತಂದು, ಬ್ಯಾಟರಿಯ ನೆಗೆಟಿವ್ ವಯರ್ ಬಾಡಿಗೆ ಸೇರುವ ಬಿಂದುವಿಗೆ ಜೋಡಿಸಬೇಕು. ಹೊಸ ವಾಹನಗಳಲ್ಲಿ ನೆಗೆಟಿವ್ ಟರ್ಮಿನಲ್ಲಿನ ಮೇಲೆ ಸೆನ್ಸಾರ್ ಇದ್ದರೆ ನೇರವಾಗಿ ಟರ್ಮಿನಲ್ಲಿಗೆ ಜೋಡಿಸುವುದರಿಂದ ಅದರ ಲೆಕ್ಕ ತಪ್ಪುತ್ತದೆ. ಎಂಜಿನ್ ಓಡುವಾಗ ಮಾತ್ರ ಕಂಪ್ರೆಸರ್ ನಡೆಯುವಂತೆ ರಿಲೇ ಜೋಡಿಸಿದರೆ ಕಾಡಿನಲ್ಲಿ ಬ್ಯಾಟರಿ ಖಾಲಿಯಾಗುವ ಭಯವಿಲ್ಲ.

ಕೂರಿಸುವಾಗ ತೆಳು ತಗಡಿಗೆ ನೇರವಾಗಿ ಬೋಲ್ಟ್ ಹಾಕಿದರೆ ನಡುಕಕ್ಕೆ ತಗಡು ಬಿರುಕು ಬಿಡುತ್ತದೆ. ಹಿಂಬದಿಗೆ ಒಂದು ಅಗಲವಾದ ತಟ್ಟೆ, ನಡುವೆ ರಬ್ಬರ್ ಬುಷ್ ಬೇಕು. ಕೊರೆಯುವ ಮೊದಲು ಆ ಬದಿಯಲ್ಲಿ ಪೆಟ್ರೋಲ್ ಪೈಪೋ ಬ್ರೇಕ್ ಪೈಪೋ ಇಲ್ಲವೆಂದು ಕಣ್ಣಾರೆ ನೋಡಬೇಕು. ಬೋಲ್ಟಿನ ವಿಷಯದಲ್ಲಿ ಮಲ್ಪೆ ಮತ್ತು ಮಂಗಳೂರಿನ ದಕ್ಕೆಯ ಬೋಟಿನವರ ತಿಳಿವಳಿಕೆ ದೊಡ್ಡದು. ಉಪ್ಪುನೀರಿಗೆ 304ಕ್ಕಿಂತ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಚೆನ್ನಾಗಿ ತಾಳುತ್ತದೆ. ಅಲ್ಯೂಮಿನಿಯಂ ತಾಗುವಲ್ಲಿ ನೈಲಾನ್ ವಾಷರ್ ಮತ್ತು ಗ್ರೀಸ್ ಹಾಕಿ ಎರಡು ಲೋಹಗಳನ್ನು ಬೇರ್ಪಡಿಸಬೇಕು. ಎಣ್ಣೆಯಿಲ್ಲದ ಪಿಸ್ಟನ್ ಕಂಪ್ರೆಸರುಗಳನ್ನು ಸಾಮಾನ್ಯವಾಗಿ ಯಾವ ದಿಕ್ಕಿಗೆ ಬೇಕಾದರೂ ಮಲಗಿಸಬಹುದಾದರೂ ಫಿಲ್ಟರಿನ ಬಾಯಿ ಮೇಲ್ಮುಖವಾಗಿ ಇರಬಾರದು. ಎಂಜಿನ್ನಿನ ಬೆಲ್ಟಿನಿಂದ ತಿರುಗುವ, ಒಳಗೆ ಎಣ್ಣೆಯಿರುವ ಬಗೆಯದಕ್ಕೆ ಈ ಸ್ವಾತಂತ್ರ್ಯವಿಲ್ಲ; ತಯಾರಕರು ಹೇಳಿದ ಓರೆಯನ್ನು ಮೀರಬಾರದು.

ಎಲ್ಲ ಮುಗಿದ ಮೇಲೆ ಮನೆಯಂಗಳದಲ್ಲಿ ಒಂದು ಟೈರು ತುಂಬಿ ನೋಡಿ ತೃಪ್ತರಾಗಬೇಡಿ. ಹೆಬ್ರಿಯಿಂದ ಆಗುಂಬೆ ಘಾಟಿ ಏರಿ, ಮೇಲೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು, ನಾಲ್ಕೂ ಟೈರುಗಳನ್ನು 18ಕ್ಕೆ ಇಳಿಸಿ ಒಂದೇ ಸಮನೆ 32ಕ್ಕೆ ತುಂಬಿರಿ. ತುಂಬುತ್ತಿರುವಾಗಲೇ ಮಲ್ಟಿಮೀಟರಿನ ಕಡ್ಡಿಗಳನ್ನು ಕಂಪ್ರೆಸರಿನ ಎರಡು ತುದಿಗಳಿಗೆ ಹಿಡಿಯಿರಿ. 13 ವೋಲ್ಟಿನ ಆಸುಪಾಸು ತೋರಿಸಿದರೆ ವಯರ್ ಸರಿಯಾಗಿದೆ. 12ಕ್ಕಿಂತ ಕೆಳಗೆ ಹೋದರೆ ಬ್ಯಾಟರಿಯ ಟರ್ಮಿನಲ್ಲುಗಳಲ್ಲೂ ಅಳೆದು ನೋಡಿ, ಅಲ್ಲಿ 13.5ಕ್ಕಿಂತ ಹೆಚ್ಚಿದ್ದರೆ ವಯರ್ ತೆಳುವಾಗಿದೆ ಅಥವಾ ಯಾವುದೋ ಕೀಲು ಸಡಿಲವಿದೆ. ನಾಲ್ಕನೇ ಟೈರು ತುಂಬುವ ಮೊದಲೇ ಯಂತ್ರ ತಾನಾಗಿ ನಿಂತುಹೋದರೆ ಬಿಸಿಯ ಕಾವಲು ಸ್ವಿಚ್ ಅದನ್ನು ನಿಲ್ಲಿಸಿದೆ. ಯಂತ್ರವೇ ಈ ಕೆಲಸಕ್ಕೆ ಚಿಕ್ಕದಲ್ಲವೆಂದು ಅದರ ಡ್ಯೂಟಿ ಸೈಕಲ್ ನೋಡಿ ಖಚಿತಪಡಿಸಿಕೊಂಡ ಮೇಲೆ, ಬ್ರಾಕೆಟ್ ಬಿಚ್ಚಿ ಬೇರೆ ಜಾಗ ಹುಡುಕುವ ಕೆಲಸವನ್ನು ಮಳೆಗಾಲಕ್ಕೆ ಮೊದಲೇ ಮಾಡಬೇಕು.